ಹೆಸರು ಮುಚ್ಚಿದ ಎರಡು ಫಿಲ್ಮು

ಶಿಡ್ಲಘಟ್ಟದ ಬಷೀರ್ ಅಹಮದ್ ಸಾಹೇಬರ ಮಗಳು ಎಸ್ಸೆಸ್ಸೆಲ್ಸಿ ಗಣಿತದಲ್ಲಿ ನೂರಕ್ಕೆ ತೊಂಬತ್ತಾರು ತೆಗೆದಾಗ ಸಾಹೇಬರು ಸಿಹಿ ಹಂಚಲಿಲ್ಲ, ಉತ್ತರಪತ್ರಿಕೆಯ ನಕಲು ತರಿಸಿದರು. ಅಂಕ ಕಡಿಮೆ ಬಂತೆಂದು ನಕಲು ಕೇಳುವ ಅಪ್ಪಂದಿರನ್ನು ಶಾಲೆಯವರು ಬೇಕಾದಷ್ಟು ಕಂಡಿದ್ದರು. ಜಾಸ್ತಿ ಬಂತೆಂದು ಕೇಳಿದವರನ್ನು ಅದೇ ಮೊದಲು ಕಂಡದ್ದು. ಯಾರದೋ ಪೇಪರು ಇವಳ ನಂಬರಿಗೆ ಸೇರಿಕೊಂಡಿದೆ ಎಂಬುದು ಸಾಹೇಬರ ವಾದ. ನಕಲು ಬಂತು, ಅಕ್ಷರ ಅಂಬರೀನಳದೇ ಆಗಿತ್ತು. ಆಮೇಲೆ ಸಿಹಿ ತಂದು ಹಂಚಿದರು, ಅದೂ ಅಂಗಡಿಯವನಿಂದ ಖಾಲಿ ಡಬ್ಬಿಯನ್ನು ಬೇರೆಯಾಗಿ ತೂಗಿಸಿ.

ಈ ಗುಣ ಹುಟ್ಟಿನಿಂದ ಬಂತೋ ಕಸುಬಿನಿಂದ ಬಂತೋ ಹೇಳುವುದು ಕಷ್ಟ. ಸಾಹೇಬರು ರೀಲರ್. ರೈತರು ತಂದ ರೇಷ್ಮೆಗೂಡನ್ನು ಮಾರುಕಟ್ಟೆಯ ಹರಾಜಿನಲ್ಲಿ ಹಿಡಿದು, ಮನೆಯ ಹಿಂದಿನ ಶೆಡ್ಡಿನಲ್ಲಿ ಬಿಸಿನೀರಿಗೆ ಹಾಕಿಸಿ ನೂಲು ಬಿಚ್ಚಿಸುವ ಕೆಲಸವನ್ನು ಮೂವತ್ತೈದು ವರ್ಷದಿಂದ ಮಾಡಿಕೊಂಡು ಬಂದವರು. ಈಗ ಹರಾಜು ಮೊಬೈಲಿಗೆ ಬಂದಿದೆ. ಹುಡುಗರು ಮೂಲೆಯಲ್ಲಿ ಚಹಾ ಕುಡಿಯುತ್ತ ಬೆರಳಲ್ಲೇ ಬೆಲೆ ಒತ್ತುತ್ತಾರೆ. ಸಾಹೇಬರು ಮಾತ್ರ ಇವತ್ತಿಗೂ ಪ್ರತಿ ರಾಶಿಯೊಳಗೆ ಮೊಣಕೈವರೆಗೆ ಕೈ ಇಳಿಸಿ, ತಳದ ನಾಲ್ಕು ಗೂಡು ಎತ್ತಿ, ಕಿವಿಯ ಹತ್ತಿರ ಅಲ್ಲಾಡಿಸಿ, ಒಂದನ್ನಾದರೂ ಕತ್ತರಿಸಿ ಒಳಗಿನ ಹುಳು ನೋಡದೆ ಬೆಲೆ ಹಾಕಿದವರಲ್ಲ. ಆ ಕೈ ಅವರಿಗೆ ಎಷ್ಟೋ ಸಲ ಅನ್ನ ಉಳಿಸಿಕೊಟ್ಟಿದೆ. ಅದನ್ನೂ ಹೇಳಬೇಕು, ಸುಮ್ಮನೆ ನಗಬಾರದು.

ಹಾಗೆ ತಮ್ಮ ರಾಶಿಗೆ ಕೈ ಇಳಿಸಿದ್ದಕ್ಕೆ ಬೈದಾಡಿದವರಲ್ಲಿ ಮೇಲೂರಿನ ನರಸಿಂಹಪ್ಪ ಮೊದಲಿಗರು. ಇಪ್ಪತ್ತು ವರ್ಷದಿಂದ ಅವರ ಗೂಡನ್ನು ಸಾಹೇಬರು ಕೊಳ್ಳುತ್ತಲೂ ಇದ್ದರು, ಹಳಿಯುತ್ತಲೂ ಇದ್ದರು.

“ಮೇಲೆಲ್ಲ ಮದುಮಗಳು, ಕೆಳಗೆಲ್ಲ ಅವರಜ್ಜಿ. ಏನ್ ನರಸಿಂಹಪ್ಪನೋರೆ, ಮದುವೆ ಜೋರಾಗಿದೆಯಲ್ಲ!”

“ಕೈ ತೆಗೀರಿ ಸಾಬ್ರೇ. ನೀವು ಕಿವುಚಿ ಹೋದ ಲಾಟನ್ನ ಆಮೇಲೆ ನಾಯೀನೂ ಮೂಸಲ್ಲ.”

ಬೈದುಕೊಂಡೇ ಬೆಲೆ ಕುದುರುತ್ತಿತ್ತು. ಹೊರಗೆ ಬಂದು ಒಂದೇ ಕಡ್ಡಿಯಲ್ಲಿ ಇಬ್ಬರೂ ಬೀಡಿ ಹಚ್ಚುತ್ತಿದ್ದರು. ಹನ್ನೊಂದು ವರ್ಷದ ಹಿಂದೆ ಸಾಹೇಬರು ಬೀಡಿ ಬಿಟ್ಟರು. ನರಸಿಂಹಪ್ಪ ಬಿಡಲಿಲ್ಲ.

ಕಳೆದ ಚಳಿಗಾಲದಲ್ಲಿ ಮಾರುಕಟ್ಟೆಯ ಆವರಣಕ್ಕೆ ಎದೆ ತಪಾಸಣೆಯ ವ್ಯಾನು ಬಂತು. ನೂಲು ಬಿಚ್ಚಾಣಿಕೆಯ ಹಬೆ, ಒಲೆಯ ಹೊಗೆ ಕುಡಿದವರಿಗೆಲ್ಲ ಪುಕ್ಕಟೆ ಎಕ್ಸ್‌ರೇ. ಪುಕ್ಕಟೆ ಎಂದ ಕೂಡಲೇ ಸಾಹೇಬರ ಕಿವಿ ನೆಟ್ಟಗಾಯಿತು, ಇದರಲ್ಲಿ ಏನೋ ಇದೆ ಎಂದರು. ಆದರೆ ನಾಲ್ಕು ತಿಂಗಳಿಂದ ಅವರಿಗೆ ಕೆಮ್ಮು. ಮಗಳು ಅಂಬರೀನ್ ಹೈಸ್ಕೂಲು ಮೇಡಂ, ಐವತ್ತು ಮಕ್ಕಳನ್ನು ಸಾಲಿನಲ್ಲಿ ನಿಲ್ಲಿಸಿ ಅಭ್ಯಾಸವಾದವಳು. ಅಪ್ಪನನ್ನೂ ರಟ್ಟೆ ಹಿಡಿದು ಸಾಲಿನಲ್ಲಿ ನಿಲ್ಲಿಸಿದಳು. ಗೂಡು ಮಾರಲು ಬಂದಿದ್ದ ನರಸಿಂಹಪ್ಪನವರೂ ಅದೇ ಸಾಲಿನಲ್ಲಿದ್ದರು. ನೂರಾರು ಜನರಲ್ಲಿ ಆರೇಳು ಮಂದಿಗೆ, ತಡಮಾಡದೆ ಸ್ಕ್ಯಾನ್ ಮಾಡಿಸಿ ಎಂದು ಚೀಟಿ ಬಂತು. ಆ ಆರೇಳರಲ್ಲಿ ಇವರಿಬ್ಬರೂ ಇದ್ದರು.

ನರಸಿಂಹಪ್ಪನವರ ಮಗ ಸುನೀಲ್‌ಕುಮಾರನ ಕಾರಿನಲ್ಲೇ ಇಬ್ಬರೂ ಚಿಕ್ಕಬಳ್ಳಾಪುರದ ಸ್ಕ್ಯಾನಿಂಗ್ ಸೆಂಟರಿಗೆ ಹೋದರು. ಮೊದಲು ನರಸಿಂಹಪ್ಪ ಮಲಗಿ ಎದ್ದರು, ಆಮೇಲೆ ಸಾಹೇಬರು. ಸಂಜೆ ಕೌಂಟರಿನ ಹುಡುಗಿ ಎರಡು ದೊಡ್ಡ ಕವರನ್ನು ಎರಡು ಕೈಯಲ್ಲಿ ಹಿಡಿದು ತಂದಳು. ಅಷ್ಟರಲ್ಲಿ ಅವಳ ಫೋನು ಬಡಿದುಕೊಂಡಿತು. ಎರಡನ್ನೂ ಮೇಜಿನ ಮೇಲೆ ಒಂದರ ಮೇಲೊಂದು ಹಾಕಿ ಎರಡು ನಿಮಿಷ ಮಾತಾಡಿದಳು. ಆ ಎರಡು ನಿಮಿಷವನ್ನು ಸಾಹೇಬರು ಮರೆಯಲಿಲ್ಲ.

ಬೆಂಗಳೂರಿನ ದೊಡ್ಡಾಸ್ಪತ್ರೆಯಲ್ಲಿ ಇಬ್ಬರಿಗೂ ಇನ್ನಷ್ಟು ಪರೀಕ್ಷೆಯಾಯಿತು. ನರಸಿಂಹಪ್ಪನವರಿಗೆ ಬೆನ್ನಿನಿಂದ ಸೂಜಿ ಚುಚ್ಚಿ ಗಡ್ಡೆಯ ಚೂರು ತೆಗೆದರು. ಸಾಹೇಬರಿಗೆ ಮತ್ತು ಬರಿಸಿ ಗಂಟಲಿನಿಂದ ನಳಿಗೆ ಇಳಿಸಿ ತೆಗೆದರು. ಎರಡಕ್ಕೂ ಬಂದ ಉತ್ತರ ಒಂದೇ, ಶ್ವಾಸಕೋಶದ ಕ್ಯಾನ್ಸರ್. ಒಂದೇ ಕಾಯಿಲೆಗೆ ಎರಡು ದಾರಿ ಯಾಕೆ ಎಂದು ಸಾಹೇಬರು ಅಲ್ಲೇ ಕೇಳಿದರು. ಗಡ್ಡೆ ಇರುವ ಜಾಗ ಬೇರೆಬೇರೆ ಎಂದು ಡಾಕ್ಟರು ಹೇಳಿದರು. ಸಾಹೇಬರು ತಲೆಯಾಡಿಸಿದರು, ಒಪ್ಪಲಿಲ್ಲ.

ಮುಂದೆ ಆದದ್ದು ಅವರನ್ನು ಇನ್ನೂ ಕೆಣಕಿತು. ನರಸಿಂಹಪ್ಪನವರ ಗಡ್ಡೆ ಮೂರು ಪಾಯಿಂಟ್ ನಾಲ್ಕು ಸೆಂಟಿಮೀಟರ್, ಸಾಹೇಬರದ್ದು ಎರಡು ಪಾಯಿಂಟ್ ಎರಡು. ನರಸಿಂಹಪ್ಪನವರಿಗೆ ಅರವತ್ತೆರಡು ವರ್ಷ, ಇವರಿಗೆ ಐವತ್ತೆಂಟು. ಅವರು ಆಪರೇಷನ್ನಿನ ಹಿಂದಿನ ವಾರದವರೆಗೆ ಬೀಡಿ ಸೇದಿದವರು, ಇವರು ಹನ್ನೊಂದು ವರ್ಷದಿಂದ ಬಿಟ್ಟವರು. ಹೀಗಿದ್ದೂ ಹದಿನೈದು ದಿನದಲ್ಲಿ ನರಸಿಂಹಪ್ಪನವರ ಎದೆ ತೆರೆದು, ಗಡ್ಡೆಯಿದ್ದ ಭಾಗವನ್ನೇ ತೆಗೆದು, “ಚೆನ್ನಾಗಿ ಆಗಿದೆ ಯಜಮಾನ್ರೇ” ಎಂದು ಮನೆಗೆ ಕಳಿಸಿದರು. ಇವರಿಗೆ ಮಾತ್ರ, “ಈಗ ಚಾಕು ಹಾಕೋಕಾಗಲ್ಲ. ಮೊದಲು ಔಷಧಿ, ಅದರ ಜೊತೆ ರೇಡಿಯೇಷನ್. ಮುಂದಿನ ವಾರವೇ ಬಂದು ಸೇರಿಕೊಳ್ಳಿ” ಎಂದರು. ಹೇಳುವಾಗ ಡಾಕ್ಟರು ನಕ್ಕರು. ಗಿರಾಕಿಯನ್ನು ನೋಡಿ ಹಾಗೆ ನಗುವ ರೈತನ ಲಾಟಿನಲ್ಲಿ ತಳಕ್ಕೆ ಕೈ ಹಾಕಲೇಬೇಕು ಎಂಬುದು ಸಾಹೇಬರು ಮೂವತ್ತೈದು ವರ್ಷದಲ್ಲಿ ಕಲಿತ ಪಾಠ.

ಅದಾದ ಮೇಲೆ ಅದೇ ಡಾಕ್ಟರು ಅಂಬರೀನಳನ್ನು ಗಾಜಿನ ಬಾಗಿಲ ಒಳಗೆ ಕರೆದುಕೊಂಡು ಹೋಗಿ ಹತ್ತು ನಿಮಿಷ ಮಾತಾಡಿದರು. ಸಾಹೇಬರು ಹೊರಗಿನ ಬೆಂಚಿನಿಂದ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ನೋಡಿದರು. ಒಳಗೆ ಡಾಕ್ಟರು ನಗುತ್ತಿರಲಿಲ್ಲ.

ಮುಂದಿನ ವಾರ ಸಾಹೇಬರು ಹೋಗಲಿಲ್ಲ. ಅದರ ಮುಂದಿನ ವಾರವೂ ಹೋಗಲಿಲ್ಲ.

ಮನೆಯ ಮಾತು ಉರ್ದು. ಅಂಬರೀನ್ ಜಗಳಕ್ಕೆ ಮಾತ್ರ ಕನ್ನಡ ತೆಗೆಯುತ್ತಿದ್ದಳು, ತರಗತಿಯಲ್ಲಿ ಬೈದು ಬೈದು ಆ ಭಾಷೆಯೇ ಅವಳ ಬಾಯಿಗೆ ಹತ್ತಿರವಾಗಿತ್ತು. ಆ ತಿಂಗಳು ಮನೆಯಲ್ಲಿ ಉರ್ದುಗಿಂತ ಕನ್ನಡವೇ ಜಾಸ್ತಿ ಕೇಳಿಸಿತು.

“ಅಬ್ಬಾ, ಆಸ್ಪತ್ರೆಯಿಂದ ಮತ್ತೆ ಫೋನ್ ಬಂದಿತ್ತು. ಎರಡು ಸಲ ತಾರೀಕು ತಪ್ಪಿಸಿದ್ದೀವಿ. ನಾಳೆ ಹೋಗಣ.”

“ಅವತ್ತು ಒಳಗೆ ಹತ್ತು ನಿಮಿಷ ಏನು ಮಾತಾಡಿದೆ?”

“ಎಷ್ಟು ಸಲ ಹೇಳಲಿ? ಗಡ್ಡೆ ಉಸಿರುನಾಳ ಕವಲೊಡೆಯೋ ಹತ್ರ ಇದೆ, ಬೇಗ ಶುರು ಮಾಡಬೇಕು ಅಂದ್ರು. ಅಷ್ಟೇ.”

“ಅಷ್ಟು ಹೇಳೋಕೆ ಹತ್ತು ನಿಮಿಷ ಬೇಕಾ? ನನ್ನ ಫಿಲ್ಮು ನರಸಿಂಹಪ್ಪಂದು ಅದಲುಬದಲಾಗಿದೆ. ನಿನಗೂ ಗೊತ್ತು, ಅವರಿಗೂ ಗೊತ್ತು.”

“ಅದಲುಬದಲಾಗಿದ್ರೆ ಗಂಟಲಿಂದ ನಳಿಗೆ ಇಳಿಸಿದಾಗ ಅದೇ ಜಾಗದಲ್ಲಿ ಗಡ್ಡೆ ಹೆಂಗೆ ಸಿಕ್ತು?”

“ಸಿಕ್ಕಿದ್ದನ್ನ ನಾನು ನೋಡಿದ್ನಾ? ನನಗೆ ಮತ್ತು ಬರಿಸಿದ್ರು. ನೀನು ನೋಡಿದ್ಯಾ?”

ಅಂಬರೀನಳಿಗೆ ಅಳು ಬಂತು. ಅಳು ಕಂಡು ಸಾಹೇಬರಿಗೆ ಅನುಮಾನ ಇನ್ನಷ್ಟು ಗಟ್ಟಿಯಾಯಿತು. ಮುಚ್ಚಿಡುವುದು ಏನೂ ಇಲ್ಲದಿದ್ದರೆ ಅಳುವುದೇಕೆ?

“ಸುಳ್ಳಿ,” ಎಂದರು. “ಹೆತ್ತ ಅಪ್ಪನ ಹತ್ರ ಸುಳ್ಳು ಹೇಳ್ತೀಯ.”

ಅಡುಗೆಮನೆಯಿಂದ ಮೆಹಬೂಬ್ ಬೀ ಹೊರಗೆ ಬಂದರು. ಮೂವತ್ತು ವರ್ಷದಲ್ಲಿ ಗಂಡನಿಗೆ ಅವರು ಗಟ್ಟಿಯಾಗಿ ಮಾತಾಡಿದ್ದು ಬೆರಳಲ್ಲಿ ಎಣಿಸುವಷ್ಟು ಸಲ. “ಅಜೀ, ನನ್ನ ಮೇಲೆ ಎಷ್ಟು ಬೇಕಾದರೂ ಅನುಮಾನ ಪಡಿ, ಅಭ್ಯಾಸವಾಗಿದೆ. ಆ ಮಗುವಿಗೆ ಆ ಮಾತು ಬೇಡ,” ಎಂದರು. ಸಾಹೇಬರು ಹೆಂಡತಿಯ ಮುಖವನ್ನೂ ಒಮ್ಮೆ ಓದಿ ನೋಡಿದರು. ಇವಳಿಗೂ ಗೊತ್ತಿದೆ ಎಂದುಕೊಂಡರು.

ಅಂದಿನಿಂದ ಅವರಿಗೆ ಆ ಮನೆ ಪೂರ್ತಿ ಪಿತೂರಿಯಾಗಿ ಕಂಡಿತು. ಅವರು ಬಂದರೆ ತಾಯಿ ಮಗಳ ಮಾತು ನಿಲ್ಲುತ್ತಿತ್ತು. ಹಾಲಿಗೆ ಏನಾದರೂ ಬೆರೆಸಿದ್ದಾರೇನೋ ಎಂದು ಮೊದಲ ಗುಟುಕನ್ನು ನಾಲಿಗೆಯ ಮೇಲೆ ಇಟ್ಟುಕೊಂಡು ನೋಡುತ್ತಿದ್ದರು. ಆಸ್ಪತ್ರೆಯ ಡಾಕ್ಟರು ಹಾಳೆಯ ಮೇಲೆ ತಲೆಕೆಳಗಾದ ಮರದ ಚಿತ್ರ ಬರೆದು, ಕೊಂಬೆ ಒಡೆಯುವ ಜಾಗದಲ್ಲಿ ಚುಕ್ಕೆ ಇಟ್ಟು ಕೊಟ್ಟಿದ್ದರು. ಫಿಲ್ಮು ಕೈಯಲ್ಲಿರುವಾಗ ಚಿತ್ರ ಯಾಕೆ ಬರೆಯಬೇಕು ಎಂದು ಆ ಹಾಳೆಯನ್ನು ಹಗಲಲ್ಲಿ ನಾಲ್ಕು ಸಲ ತೆಗೆದು ನೋಡುತ್ತಿದ್ದರು. ಕೆಮ್ಮು ಮಾತ್ರ ಅವರ ಅನುಮಾನಕ್ಕೆ ಕಾಯಲಿಲ್ಲ. ಒಂದು ಬೆಳಿಗ್ಗೆ ಕರವಸ್ತ್ರದಲ್ಲಿ ಕೆಂಪು ಗೆರೆ ಕಂಡಿತು. ಅದನ್ನು ಯಾರಿಗೂ ತೋರಿಸದೆ ತಾವೇ ಒಗೆದು ಹಾಕಿದರು. ಆ ದಿನ ಅವರಿಗೆ ನಿಜವಾಗಿಯೂ ಹೆದರಿಕೆಯಾಯಿತು. ಹೆದರಿದ ಮನುಷ್ಯ ನಂಬುವುದಕ್ಕೆ ಯಾರನ್ನಾದರೂ ಹುಡುಕುತ್ತಾನೆ, ಸಾಹೇಬರು ಪರೀಕ್ಷಿಸುವುದಕ್ಕೆ ಹುಡುಕಿದರು.

ಮೊದಲು ಮೇಲೂರಿಗೆ ಹೋದರು. ಮನೆಯ ಮುಂದಿನ ಹೊಂಗೆ ನೆರಳಲ್ಲಿ ಮಂಚದ ಮೇಲೆ ನರಸಿಂಹಪ್ಪ ದಿಂಬಿಗೆ ಒರಗಿ ಕೂತಿದ್ದರು. ಸೊರಗಿದ್ದರು, ಆದರೆ ಕಣ್ಣಲ್ಲಿ ಜೀವ ಇತ್ತು. ಅವರ ಹೆಂಡತಿ ಓಬಳಮ್ಮ ಸೊಪ್ಪಿನ ಹೊರೆ ಇಳಿಸುತ್ತಿದ್ದವರು ಓಡಿಬಂದರು.

“ಬನ್ನಿ ಅಣ್ಣಾ, ಇಲ್ಲೇ ಕೂತ್ಕೊಳಿ. ಹುಳುಮನೆ ಕಡೆ ಮಾತ್ರ ಹೋಗ್ಬೇಡಿ, ನಾಲ್ಕನೇ ಜ್ವರಕ್ಕೆ ಕೂತಿವೆ.”

ಹುಳು ಪೊರೆ ಬಿಡಲು ಮೇವು ಬಿಟ್ಟು ಮಲಗುವುದಕ್ಕೆ ಇಲ್ಲಿ ಜ್ವರ ಎನ್ನುತ್ತಾರೆ. ಆಗ ಹೊರಗಿನವರ ಕಾಲು ಹುಳುಮನೆಗೆ ಬೀಳಬಾರದು. ಸಾಹೇಬರಿಗೆ ಅದು ಚೆನ್ನಾಗಿ ಗೊತ್ತು. ಆದರೂ ಆ ಹೊತ್ತಿನಲ್ಲಿ, ಕಾಯಿಲೆಯವನೆಂದು ದೂರ ಇಡುತ್ತಿದ್ದಾಳೇನೋ ಎಂದು ಒಂದು ಗಳಿಗೆ ಅನ್ನಿಸಿತು. ಅದೇ ಕಾಯಿಲೆಯ ಮನುಷ್ಯ ಅವಳ ಮಂಚದ ಮೇಲೇ ಕೂತಿದ್ದಾನೆ ಎಂಬುದು ಆಮೇಲೆ ಹೊಳೆಯಿತು.

“ಗಾಯ ತೋರಿಸಿ,” ಎಂದರು ಸಾಹೇಬರು ಬಾಳೆಹಣ್ಣಿನ ಚಿಪ್ಪು ಪಕ್ಕಕ್ಕಿಟ್ಟು.

“ಏನ್ ಸಾಬ್ರೇ, ನನ್ನನ್ನೂ ಲಾಟು ಅಂದ್ಕೊಂಡ್ರಾ? ಇದಕ್ಕೂ ಕೈ ಇಳಿಸ್ತೀರಾ?”

“ತೋರಿಸಿ ಅಂದ್ರೆ ತೋರಿಸಿ.”

ನರಸಿಂಹಪ್ಪ ಅಂಗಿ ಎತ್ತಿದರು. ಬಲಗಡೆ, ಕಂಕುಳ ಕೆಳಗಿನಿಂದ ಬೆನ್ನಿನವರೆಗೆ ಗಾಯದ ಗುರುತು ಓಡಿತ್ತು. ತೆಗೆದ ಗಡ್ಡೆಯನ್ನು ಸುನೀಲ್‌ಕುಮಾರ್ ಕಣ್ಣಾರೆ ನೋಡಿದ್ದ. ರಿಪೋರ್ಟಿನಲ್ಲಿ ಇದ್ದದ್ದೂ ಬಲಗಡೆ, ಮೇಲ್ಭಾಗ. ಸಾಹೇಬರು ಬಹಳ ಹೊತ್ತು ನೋಡಿದರು. ಫಿಲ್ಮು ಅದಲುಬದಲಾಗಿಲ್ಲ ಎಂಬುದು ಅಲ್ಲಿಗೆ ಖಚಿತವಾಯಿತು, ಐದು ವಾರದ ವಾದ ಬಿದ್ದುಹೋಯಿತು. ಬೇರೆಯವರಾಗಿದ್ದರೆ ಅಲ್ಲಿಂದಲೇ ಬೆಂಗಳೂರಿನ ಬಸ್ಸು ಹತ್ತುತ್ತಿದ್ದರು. ಸಾಹೇಬರಿಗೆ ಒಂದು ಅನುಮಾನ ಸತ್ತರೆ ಅದರ ಜಾಗಕ್ಕೆ ಇನ್ನೊಂದು ಬರಲು ಜಾಸ್ತಿ ಹೊತ್ತು ಬೇಕಿರಲಿಲ್ಲ.

“ನಿಮ್ಮ ತಂಗಿ ಮಗ ಮುರಳಿಮೋಹನ ಆ ಆಸ್ಪತ್ರೆಯಲ್ಲೇ ಅಲ್ವಾ ಇರೋದು?”

“ಹೂಂ, ಲ್ಯಾಬಲ್ಲಿದ್ದಾನೆ. ರಕ್ತ ತೆಗೆಯೋ ಕೆಲಸ. ಯಾಕೆ?”

“ಸುಮ್ಮನೆ ಕೇಳಿದೆ.”

ಸುಮ್ಮನೆ ಕೇಳಿದ್ದಲ್ಲ. ಗುರುತಿನವರಿದ್ದವನಿಗೆ ಆಪರೇಷನ್, ಇಲ್ಲದವನಿಗೆ ತಿಂಗಳುಗಟ್ಟಲೆ ಔಷಧಿ. ಅದಕ್ಕಿಂತ ಕಹಿಯಾದ ಇನ್ನೊಂದು ಅನುಮಾನವೂ ಅವರೊಳಗೆ ಇತ್ತು: ಕವರಿನ ಮೇಲಿನ ಹೆಸರು ಯಾವ ಜನದ್ದೆಂದು ನೋಡಿ ಡಾಕ್ಟರು ಮನಸ್ಸು ಮಾಡಿರಬಹುದೇ ಎಂಬುದು. ಅದನ್ನು ಇಪ್ಪತ್ತು ವರ್ಷ ಒಟ್ಟಿಗೆ ಬೈದಾಡಿದ ಮನುಷ್ಯನ ಮುಂದೆ ಬಾಯಿಬಿಟ್ಟು ಹೇಳಲು ಅವರಿಗೆ ನಾಚಿಕೆಯಾಯಿತು. ಹೇಳದೆ ಉಳಿದದ್ದರಿಂದ ಅದು ಹೋಗಲಿಲ್ಲ.

“ನಿಮ್ಮ ಫಿಲ್ಮು ನಾಲ್ಕು ದಿನಕ್ಕೆ ಕೊಡ್ತೀರಾ?”

“ಸರ್ಲೇ, ತಗೊಂಡೋಗಿ. ನಂಗ್ಯಾತಕ್ಕೆ ಅದು, ಗಡ್ಡೆಯೇ ಹೋಯ್ತು.” ನರಸಿಂಹಪ್ಪ ಸ್ವಲ್ಪ ತಡೆದು ಕೇಳಿದರು: “ನೀವು ಇನ್ನೂ ಸೇರ್ಕೊಂಡಿಲ್ವಾ ಸಾಬ್ರೇ?”

“ಸೇರ್ಕೊತೀನಿ.”

“ಬೇಗ ಸೇರ್ಕೊಳಪ್ಪ. ಮಾರ್ಕೆಟ್ಟಲ್ಲಿ ನನ್ನ ಬೈಯೋಕೆ ಯಾರೂ ಇಲ್ದೇ ಹೋದ್ರೆ ಗೂಡಿಗೆ ಬೆಲೆ ಬರಲ್ಲ.”

ಇಷ್ಟು ಸುಲಭವಾಗಿ ಫಿಲ್ಮು ಯಾಕೆ ಕೊಟ್ಟ ಎಂದು ಯೋಚಿಸುತ್ತಲೇ ಸಾಹೇಬರು ಬಸ್ಸು ಹತ್ತಿದರು.

ಈಗ ಅವರ ಯೋಜನೆ ಸಿದ್ಧವಾಯಿತು. ಮಾರುಕಟ್ಟೆಯಲ್ಲಿ ರಾಶಿಗೆ ಲಾಟ್ ನಂಬರ್ ಇರುತ್ತದೆ, ಹೆಸರಿರುವುದಿಲ್ಲ, ನೋಡುವವನು ಮಾಲು ನೋಡಿ ಬೆಲೆ ಹಾಕಬೇಕು. ಡಾಕ್ಟರೂ ಹಾಗೇ ನೋಡಲಿ. ಇನ್ನೊಂದು ಮಾತು, ಕಾಯಿಲೆಯವನ ಮುಂದೆ ಡಾಕ್ಟರು ನಗುತ್ತಾರೆ, ಅವನ ಕಡೆಯವರ ಮುಂದೆ ನಗುವುದಿಲ್ಲ. ಹಾಗಾದರೆ ನಿಜ ಕೇಳಬೇಕಾದವನು ಕಡೆಯವನಾಗಿಯೇ ಹೋಗಬೇಕು.

ಎಲ್ಲಿಗೆ ಹೋಗುವುದು ಎಂಬುದಕ್ಕೆ ಎರಡು ದಿನ ಹಿಡಿಯಿತು. ಶಿಡ್ಲಘಟ್ಟದಲ್ಲಿ ಎಲ್ಲರಿಗೂ ಇವರ ಗುರುತು. ಚಿಂತಾಮಣಿ ಹೆಂಡತಿಯ ತವರು, ಬೆಳಿಗ್ಗೆ ಕೆಮ್ಮಿದರೆ ಮಧ್ಯಾಹ್ನಕ್ಕೆ ಸುದ್ದಿ ಮನೆಯಲ್ಲಿ. ಚಿಕ್ಕಬಳ್ಳಾಪುರದವರು ಸ್ಕ್ಯಾನಿಂಗ್ ಸೆಂಟರಿನವರ ಕಡೆಯವರೇ ಇರಬಹುದು. ಉಳಿದದ್ದು ಗೌರಿಬಿದನೂರು. ಅಲ್ಲಿಗೆ ಪ್ರತಿ ಗುರುವಾರ ಎದೆರೋಗದ ಡಾಕ್ಟರೊಬ್ಬರು, ಭಾನುಪ್ರಿಯಾ ಎಂಬುವರು ಬಂದು ನೋಡುತ್ತಾರೆಂದು ಬಸ್ಸಿನಲ್ಲಿ ಯಾರೋ ಹೇಳಿದ್ದು ನೆನಪಿತ್ತು.

ಬುಧವಾರ ಮಧ್ಯಾಹ್ನ, ಮಗಳು ಶಾಲೆಯಲ್ಲಿದ್ದಾಗ, ಸಾಹೇಬರು ಶೆಡ್ಡಿನ ಬಾಗಿಲು ಹಾಕಿಕೊಂಡು ಎರಡು ಫಿಲ್ಮನ್ನೂ ನೆಲದ ಮೇಲೆ ಹಾಸಿದರು. ಒಂದೊಂದು ಹಾಳೆಯಲ್ಲಿ ಇಪ್ಪತ್ತು ಚೌಕ, ಒಂದೊಂದು ಚೌಕದ ಮೂಲೆಯಲ್ಲೂ ಇರುವೆಯಷ್ಟು ಅಕ್ಷರದಲ್ಲಿ ಹೆಸರು. ಮೋಟಾರಿನ ವೈರಿಗೆ ಸುತ್ತುವ ಕಪ್ಪು ಟೇಪನ್ನು ಬೆರಳುಗುರಿನಷ್ಟು ತುಂಡು ಮಾಡಿ ಪ್ರತಿ ಹೆಸರಿನ ಮೇಲೂ ಅಂಟಿಸಿದರು. ನಲವತ್ತು ತುಂಡು. ಆಮೇಲೆ ನರಸಿಂಹಪ್ಪನವರ ಫಿಲ್ಮಿನ ಮೇಲೆ ಒಂದು, ತಮ್ಮದರ ಮೇಲೆ ಎರಡು ಎಂದು ಸೀಮೆಸುಣ್ಣದಲ್ಲಿ ಬರೆದರು. ಬಹಳ ದಿನದ ಮೇಲೆ ಅವರಿಗೆ ಖುಷಿಯಾಗಿತ್ತು. ಅವರ ಲೆಕ್ಕದಲ್ಲಿ, ಹೆಸರು ಕಾಣದ ಡಾಕ್ಟರು ಚಿಕ್ಕ ಗಡ್ಡೆಯನ್ನು ಚಿಕ್ಕದೆಂದೇ ಹೇಳುತ್ತಾರೆ. ಆಗ ಬೆಂಗಳೂರಿನವರ ಬೇಳೆ ಬೇಯುವುದಿಲ್ಲ.

ಮರುದಿನ ಗೌರಿಬಿದನೂರಿಗೆ ಹೋದರು. ಡಾಕ್ಟರ್ ಭಾನುಪ್ರಿಯಾ ನಲವತ್ತರ ಆಸುಪಾಸಿನವರು. ಬೆಳಿಗ್ಗೆಯಿಂದ ಅರವತ್ತು ಎದೆಗಳಿಗೆ ಕಿವಿಕೊಟ್ಟು ಸುಸ್ತಾಗಿದ್ದರು. ಟೇಪು ಅಂಟಿಸಿದ ಫಿಲ್ಮನ್ನು ಬೆಳಕಿನ ಪೆಟ್ಟಿಗೆಗೆ ಸಿಕ್ಕಿಸಿ ಹುಬ್ಬು ಗಂಟಿಕ್ಕಿದರು.

“ಇದೇನ್ರೀ ಇದು? ಹೆಸರೆಲ್ಲ ಮುಚ್ಚಿದ್ದೀರಿ?”

“ಇಬ್ಬರೂ ನಮ್ಮ ಕಡೆಯೋರೇ ಮೇಡಂ. ಹೆಸರು ಬೇಡ, ಒಳಗಿರೋದನ್ನ ನೋಡಿ ಹೇಳಿ.”

“ನಾನೇನು ಹೆಸರು ನೋಡಿ ಕಾಯಿಲೆ ಹೇಳ್ತೀನಾ?”

“ನೀವಲ್ಲ ಮೇಡಂ. ಬೇರೆಯೋರ ವಿಷಯ.”

“ವಯಸ್ಸಾದರೂ ಹೇಳ್ತೀರಾ, ಅದೂ ಗುಟ್ಟಾ?”

“ಒಂದನೇದು ಅರವತ್ತೆರಡು, ಎರಡನೇದು ಐವತ್ತೆಂಟು. ಇಬ್ಬರೂ ಬೀಡಿ ಸೇದಿದೋರೇ. ಎರಡನೇದು ಬಿಟ್ಟು ಹನ್ನೊಂದು ವರ್ಷ ಆಯ್ತು.” ಅದೊಂದನ್ನು ಸೇರಿಸದೆ ಸಾಹೇಬರಿಗೆ ತಡೆಯಲಾಗಲಿಲ್ಲ.

ಡಾಕ್ಟರು ಒಂದನೇ ಫಿಲ್ಮನ್ನು ಸಾಲಾಗಿ ನೋಡಿಕೊಂಡು ಬಂದರು. “ಬಲಗಡೆ ಮೇಲ್ಭಾಗ. ಹೊರಗಿನ ಅಂಚಿಗೆ ಅಂಟಿಕೊಂಡಿದೆ. ಆಪರೇಷನ್ ಆಯ್ತಾ?”

“ಆಯ್ತು ಮೇಡಂ.”

“ಒಳ್ಳೇದಾಯ್ತು. ಗಡ್ಡೆ ಸ್ವಲ್ಪ ದೊಡ್ಡದೇ, ಆದರೆ ಜಾಗ ಚೆನ್ನಾಗಿದೆ. ಆ ಭಾಗವನ್ನ ಪೂರ್ತಿ ತೆಗೆದುಬಿಡಬಹುದು. ಮೇಲಿನ ಭಾಗದ್ದು ಸಾಮಾನ್ಯವಾಗಿ ಕೆಳಗಿನದಕ್ಕಿಂತ ವಾಸಿ. ಇಂಥೋರಲ್ಲಿ ಹತ್ತರಲ್ಲಿ ಆರೇಳು ಜನ ಐದು ವರ್ಷ ದಾಟ್ತಾರೆ. ಬೀಡಿ ಮುಟ್ಟಬೇಡಿ ಅಂತ ಹೇಳಿ.”

ಎರಡನೇ ಫಿಲ್ಮಿಗೆ ಅವರು ಹೆಚ್ಚು ಹೊತ್ತು ತೆಗೆದುಕೊಂಡರು. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಒಂದು ಚೌಕದ ಹತ್ತಿರ ಮುಖ ಒಯ್ದರು, ಅದರ ಮುಂದಿನದನ್ನು ನೋಡಿದರು, ಮತ್ತೆ ಹಿಂದಿನದಕ್ಕೆ ಬಂದರು. ಸಾಹೇಬರು ಕುರ್ಚಿಯ ತುದಿಗೆ ಸರಿದರು.

“ಇದು ಯಾವಾಗ ತೆಗೆಸಿದ್ದು?”

“ಎರಡು ತಿಂಗಳ ಮೇಲಾಯ್ತು.”

“ಚಿಕಿತ್ಸೆ ಶುರುವಾಯ್ತಾ?”

“ಇಲ್ಲ ಮೇಡಂ.”

“ಯಾಕ್ರೀ?”

“ಅವರಿಗೆ ನಂಬಿಕೆ ಬರಲಿಲ್ಲ. ಗಡ್ಡೆ ಚಿಕ್ಕದಲ್ವಾ ಮೇಡಂ? ಒಂದನೇದಕ್ಕಿಂತ ಒಂದು ಸೆಂಟಿಮೀಟರ್ ಮೇಲೇ ಕಮ್ಮಿ. ದೊಡ್ಡದನ್ನ ಕತ್ತರಿಸಿ ತೆಗೆದೋರು ಚಿಕ್ಕದನ್ನ ಯಾಕೆ ತೆಗೀಲಿಲ್ಲ?”

“ಚಿಕ್ಕದು, ನಿಜ. ಎಲ್ಲಿ ಕೂತಿದೆ ನೋಡಿ.” ಡಾಕ್ಟರು ಪೆನ್ನಿನ ತುದಿ ಇಟ್ಟರು. “ಇದು ದೊಡ್ಡ ಉಸಿರುನಾಳ, ಇಲ್ಲಿ ಎರಡಾಗಿ ಒಡೆಯುತ್ತೆ. ಅದರ ಬುಡದಲ್ಲೇ ಇದೆ. ಪಕ್ಕದಲ್ಲಿ ಇದು ಹೃದಯದಿಂದ ಬರೋ ರಕ್ತನಾಳ. ಚಾಕು ಎಲ್ಲಿ ಇಡ್ತೀರಿ? ಎದೆ ನಡುವಿನ ಈ ಗ್ರಂಥಿಗಳೂ ಊದಿಕೊಂಡಿವೆ. ಬುಡದಲ್ಲಿ ಹುಟ್ಟಿದ್ದು ಅಲ್ಲಿಗೆ ಹೋಗೋಕೆ ದೂರ ಇಲ್ಲ. ಅಳತೆ ಹಿಡಿದು ಇವೆರಡನ್ನ ಹೋಲಿಸೋಕೆ ಆಗಲ್ಲ. ಇದಕ್ಕೆ ಔಷಧಿ ಮತ್ತೆ ರೇಡಿಯೇಷನ್ನೇ ದಾರಿ. ಯಾರೂ ಬೇರೆ ಹೇಳಲ್ಲ.”

ಬೆಂಗಳೂರಿನವರು ಆಡಿದ ಮಾತೇ ಅಕ್ಷರಕ್ಕಕ್ಷರ ಇಲ್ಲಿ ಬಂದಿತ್ತು. ಸಾಹೇಬರು ಎದ್ದು ಬೆಳಕಿನ ಪೆಟ್ಟಿಗೆಯ ಹತ್ತಿರ ಹೋದರು. ಎರಡನೇ ಫಿಲ್ಮಿನ ಇಪ್ಪತ್ತು ತುಂಡು ಟೇಪನ್ನೂ ಒಂದೊಂದಾಗಿ ಬೆರಳಿಂದ ಒತ್ತಿ ನೋಡಿದರು. ಒಂದೂ ಕಿತ್ತಿರಲಿಲ್ಲ, ಒಂದೂ ಸರಿದಿರಲಿಲ್ಲ. ಅಂಟಿಸಿದ್ದು ಅವರದೇ ಕೈ. ಈ ಊರಲ್ಲಿ ಅವರ ಹೆಸರು ಗೊತ್ತಿದ್ದವರು ಯಾರೂ ಇರಲಿಲ್ಲ. ಅನುಮಾನಕ್ಕೆ ಕೈ ಇಳಿಸಲು ಎಲ್ಲೂ ಜಾಗ ಉಳಿದಿರಲಿಲ್ಲ.

“ಏನ್ ನೋಡ್ತಿದ್ದೀರಿ?”

“ಏನಿಲ್ಲ ಮೇಡಂ. ಇವರು… ಎಷ್ಟು?”

ಡಾಕ್ಟರು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. “ಮನೆಯೋರು ಅಂತ ಬಿಚ್ಚಿ ಹೇಳ್ತೀನಿ. ಅವರ ಮುಂದೆ ಹಿಂಗೇ ಹೇಳಬೇಡಿ. ಸರಿಯಾದ ಹೊತ್ತಿಗೆ ಶುರು ಮಾಡಿದ್ರೆ ಹತ್ತರಲ್ಲಿ ಎರಡು ಮೂರು ಜನ ಐದು ವರ್ಷ ದಾಟ್ತಾರೆ. ಆ ಎರಡು ಮೂರು ಜನರಲ್ಲಿ ಇವರೂ ಇರಬಹುದು, ಇಲ್ಲ ಅನ್ನೋಕೆ ಆಗಲ್ಲ. ಆದರೆ ಕಾದಷ್ಟೂ ಅದು ಕಮ್ಮಿಯಾಗುತ್ತೆ.”

“ಈಗ ಕಾದಿದ್ದಕ್ಕೆ ಎಷ್ಟು ಹೋಯ್ತು ಮೇಡಂ?”

“ಹಳೇ ಫಿಲ್ಮು ನೋಡಿ ಹೇಳೋಕಾಗಲ್ಲ. ಹೊಸದಾಗಿ ಸ್ಕ್ಯಾನ್ ಆಗಬೇಕು. ಏನೂ ಹೋಗಿಲ್ಲ ಅಂತ ಮಾತ್ರ ನಾನು ಹೇಳಲ್ಲ.” ಡಾಕ್ಟರಿಗೆ ಈಗ ಸಿಟ್ಟು ಬಂದಿತ್ತು. “ಮನೇಲಿ ಯಾರೂ ಇಲ್ವೇನ್ರೀ ಅವರಿಗೆ? ಯಾರೂ ಹೇಳಲಿಲ್ವಾ?”

“ಮಗಳಿದ್ದಾಳೆ. ಹೇಳಿದ್ಲು. ದಿನಾ ಹೇಳಿದ್ಲು.”

“ಮತ್ತೆ? ನೀವಾದರೂ ಕೈ ಹಿಡಿದು ಎಳ್ಕೊಂಡು ಬರಬೇಕಿತ್ತು. ಫಿಲ್ಮು ತಂದು ಏನು ಮಾಡ್ತೀರಿ? ಅವರನ್ನ ಯಾಕೆ ಕರ್ಕೊಂಡು ಬರಲಿಲ್ಲ?”

ಸಾಹೇಬರು ಮತ್ತೆ ಕುರ್ಚಿಯಲ್ಲಿ ಕೂತರು.

“ಬಂದಿದ್ದಾರೆ ಮೇಡಂ.”

ಡಾಕ್ಟರು ಬಾಗಿಲ ಕಡೆ ನೋಡಿದರು, ಅಲ್ಲಿ ಯಾರೂ ಇರಲಿಲ್ಲ. ಆಮೇಲೆ ಇವರ ಕಡೆ ತಿರುಗಿದರು. ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಅರ್ಥವಾದ ಕೂಡಲೇ ಅವರ ಹುಬ್ಬು ಸಡಿಲಿತು, ತುಟಿಯ ತುದಿಗೆ ಒಂದು ನಗು ಬರತೊಡಗಿತು. ಸಾಹೇಬರಿಗೆ ಆ ನಗು ಚೆನ್ನಾಗಿ ಗೊತ್ತಿತ್ತು. ಅವರು ಕೈ ಎತ್ತಿದರು.

“ಬೇಡ ಮೇಡಂ. ಮನೆಯೋರಿಗೆ ಹೇಳಿದಂಗೇ ಹೇಳಿ. ಬದಲಾಯಿಸಬೇಡಿ.”

ಡಾಕ್ಟರು ಬರುತ್ತಿದ್ದ ನಗುವನ್ನು ತಡೆದರು. ಆಮೇಲೆ ಮೊದಲಿನ ದನಿಯಲ್ಲೇ, “ನಾಳೆ ಬೆಳಿಗ್ಗೆ ಹೋಗಿ ಸೇರ್ಕೊಳ್ಳಿ. ಅದೇ ಆಸ್ಪತ್ರೆಗೆ. ಅವರು ಸರಿಯಾಗೇ ಹೇಳಿದ್ದಾರೆ. ಹೋಗ್ತೀರಾ?” ಎಂದರು.

“ಹೋಗ್ತೀನಿ.”

ಅವರು ಕಾಗದ ಎಳೆದುಕೊಂಡು ಬೆಂಗಳೂರಿನ ಡಾಕ್ಟರಿಗೆ ನಾಲ್ಕು ಸಾಲು ಬರೆದರು. ಹೆಸರಿನ ಜಾಗದಲ್ಲಿ ಪೆನ್ನು ನಿಲ್ಲಿಸಿ ತಲೆ ಎತ್ತಿದಾಗ ಸಾಹೇಬರು ತಮ್ಮ ಪೂರ್ತಿ ಹೆಸರು ಹೇಳಿದರು. ಕಾಗದ ಮಡಿಸಿ ಕೊಡುತ್ತ ಡಾಕ್ಟರು ಕೇಳಿದರು, “ಇನ್ನೇನಾದರೂ ಕೇಳೋದಿದೆಯಾ?”

“ಒಂದಿದೆ ಮೇಡಂ.” ಸಾಹೇಬರು ಕಾಗದವನ್ನು ಜೇಬಿಗಿಟ್ಟುಕೊಂಡರು. “ಸಂಜೆ ನನ್ನ ಮಗಳು ಸ್ಕೂಲಿಂದ ಬರ್ತಾಳೆ. ಅವಳಿಗೆ ಏನಂತ ಹೇಳಲಿ? ಐದು ವಾರದಿಂದ ಅವಳನ್ನ ಸುಳ್ಳಿ ಅಂತಿದ್ದೀನಿ.”